ನೀರುಗಂಟಿಯ ಹಿಮ್ಮಡಿ

ಆಷಾಢದ ಕೊನೆಯ ಸೋಮವಾರ, ಬೆಳಗಿನ ಏಳು ಗಂಟೆ. ಮೋಡವಿತ್ತು, ಮಳೆಯಿರಲಿಲ್ಲ. ಮಠದ ಜಗಲಿಯ ಮೇಲೆ ಇದ್ದವರು ಇಬ್ಬರು: ಗುರುಗಳು, ಮತ್ತು ಅವರ ಹಳೆಯ ಶಿಷ್ಯ ತಿಪ್ಪೇರುದ್ರಪ್ಪ.

ಶಿಷ್ಯನಿಗೆ ಐವತ್ತೊಂದು ವರ್ಷ. ಅವನ ತಂದೆ ಐವತ್ತಮೂರಕ್ಕೆ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಹೋದ ವಾರ ಮೆಟ್ಟಿಲೇರುವಾಗ ಅವನಿಗೂ ಎದೆ ಹಿಂಡಿತ್ತು. ವೈದ್ಯರು ಹೇಳಿದ್ದು ನಾಲ್ಕೇ ಮಾತು: ದಿನವೂ ನಡೆಯಬೇಕು, ಉಪ್ಪು ಮತ್ತು ಕರಿದದ್ದನ್ನು ಇಳಿಸಬೇಕು, ಹೊಗೆಸೊಪ್ಪು ಬಿಡಬೇಕು, ಹೊತ್ತಿಗೆ ಸರಿಯಾಗಿ ಮಲಗಬೇಕು.

“ಬುದ್ಧೀ, ಶ್ರಾವಣ ಪೂರ್ತಿ ಒಪ್ಪೊತ್ತು ಮಾಡುತ್ತೇನೆ. ಹೊಗೆಸೊಪ್ಪು ಮುಟ್ಟುವುದಿಲ್ಲ. ಬರಿಗಾಲಲ್ಲಿ ಬೆಟ್ಟ ಹತ್ತುತ್ತೇನೆ. ಉಳಿದ ಹನ್ನೊಂದು ತಿಂಗಳು ನನ್ನ ಪಾಡಿಗೆ ನಾನಿದ್ದರಾಗದೆ?”

“ಮೆಟ್ಟಿಲು ಹತ್ತಲಾರದವನು ಬೆಟ್ಟ ಹತ್ತುವೆಯಾ? ಓದುವ ದಿನಗಳಲ್ಲಿ ಎರಡು ಹರದಾರಿ ನಡೆದು ಇಲ್ಲಿಗೆ ಬರುತ್ತಿದ್ದೆ. ಮಡಿಲಲ್ಲಿ ಹುರಿಗಡಲೆ ಇರುತ್ತಿತ್ತು. ನೆನಪಿದೆಯೆ?”

ನೆನಪಿತ್ತು. ಈಗ ಅವನು ಬಂದದ್ದು ಕಾರಿನಲ್ಲಿ. ತಲೆ ತಗ್ಗಿಸಿದ. ಗುರುಗಳು ಹೇಳತೊಡಗಿದರು.

ಒಂದು ಊರು, ಊರಿಗೊಂದು ಕೆರೆ. ಗದ್ದೆಗಳಿಗೆ ನೀರು ಬಿಡಲು, ಕೆರೆ ಕಾಯಲು ಒಬ್ಬ ನೀರುಗಂಟಿ. ಅವನು ದಿನವೂ ಬೆಳಗ್ಗೆ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ಬರಿಗಾಲಲ್ಲಿ ನಡೆಯುತ್ತಿದ್ದ. ಏಡಿ ತೋಡಿದ ಬಿಲ ಕಾಲಿಗೆ ಸಿಕ್ಕಿದರೆ ಒಂದು ಹಿಡಿ ಜೇಡಿಮಣ್ಣು ತುರುಕಿ ಹಿಮ್ಮಡಿಯಿಂದ ಮೆಟ್ಟುತ್ತಿದ್ದ. ಮೂವತ್ತು ವರ್ಷ ಹೀಗೆ ನಡೆಯಿತು. ಕೆರೆ ಒಡೆಯಲಿಲ್ಲ. ಒಡೆಯದ ಕೆರೆಯನ್ನು ಯಾರೂ ಹೊಗಳುವುದಿಲ್ಲ.

ಆ ಊರಿನ ಗೌಡ ಹೊಸ ಕ್ರಮ ತಂದ. ವರ್ಷಕ್ಕೊಮ್ಮೆ, ಯುಗಾದಿ ಕಳೆದ ಮೇಲೆ, ಊರಿಗೆ ಊರೇ ಸೇರಿ, ತಮಟೆ ಬಡಿದು, ಗಾಡಿಗಟ್ಟಲೆ ಮಣ್ಣನ್ನು ಏರಿಗೆ ಹಾಕತೊಡಗಿತು. ನೀರುಗಂಟಿಗೆ ಶಾಲು ಹೊದಿಸಿ, ಇನ್ನು ದಿನವೂ ಸುತ್ತಬೇಡ, ಕುಳಿತುಕೋ ಎಂದರು. ಬೆಳಗಾದರೆ ಅವನ ಅಂಗಾಲು ಏರಿಯ ತಂಪನ್ನು ನೆನೆಯುತ್ತಿತ್ತು. ಆದರೂ ಕುಳಿತ.

ಮೊದಲ ವರ್ಷ ಏನೂ ಆಗಲಿಲ್ಲ. ಎರಡನೆಯ ವರ್ಷ, ಕೆರೆ ತುಂಬಿದ್ದಾಗ, ಏಡಿಯ ಬಿಲವೊಂದು ಬಾಯಿ ಬಿಟ್ಟಿತು. ಮಧ್ಯಾಹ್ನದೊಳಗೆ ಏರಿ ಒಡೆದು, ತೆನೆ ಬಂದ ಭತ್ತವೆಲ್ಲ ನೀರುಪಾಲಾಯಿತು.

ಗೌಡ ರೇಗಿದ. “ಸಾವಿರ ಗಾಡಿ ಮಣ್ಣು ಹಾಕಿದೆವಲ್ಲೋ! ಹಿಂದೆ ನೀನೊಬ್ಬನೇ ಅಂಥದ್ದೇನು ಹಾಕುತ್ತಿದ್ದೆ?”

“ಒಂದು ಹಿಡಿ, ಗೌಡರೇ. ಆದರೆ ಅವತ್ತಿನದು ಅವತ್ತೇ.”

ಗುರುಗಳು ಕತೆ ನಿಲ್ಲಿಸಿದರು. ತಿಪ್ಪೇರುದ್ರಪ್ಪ ಇನ್ನೂ ಬಿಟ್ಟುಕೊಡಲಿಲ್ಲ.

“ಹಾಗಾದರೆ ಒಂದು ತಿಂಗಳ ನಿಷ್ಠೆಗೆ ಬೆಲೆಯೇ ಇಲ್ಲವೆ, ಬುದ್ಧೀ?”

“ನಿನ್ನ ಎದೆ ವರ್ಷಕ್ಕೊಂದು ತಿಂಗಳು ಬಡಿದರೆ ಸಾಕೆನ್ನುವುದಾದರೆ, ನೀನೂ ಒಂದು ತಿಂಗಳು ನಡೆ.”