ಕೆಂಚವ್ವ ಅರ್ಧಕ್ಕೆ ಬಿಟ್ಟ ರಂಗೋಲಿ

ಭೂಮಿ ಇನ್ನೂ ಹಸಿ ಮಡಕೆಯ ಹಾಗೆ ಮೆತ್ತಗಿದ್ದ ಕಾಲ. ಆಗ ಜಿಂಕೆಗೆ ಚುಕ್ಕಿ ಇರಲಿಲ್ಲ. ಮೈಯೆಲ್ಲ ಕೆಮ್ಮಣ್ಣು ಬಳಿದ ಗೋಡೆ.

ಕಾಡಿನಂಚಿನಲ್ಲಿ ಕೆಂಚವ್ವ ಎಂಬ ಮುದುಕಿ ಇದ್ದಳು. ರಂಗೋಲಿ ಹಾಕುವುದೇ ಅವಳ ಬಾಳು. ಹುಡುಗಿಯಾಗಿದ್ದಾಗ ಹೊಳೆ ನೋಡಿ ಬಳುಕುವ ಎಳೆ ಕಲಿತಳು. ಬಳ್ಳಿ ನೋಡಿ ಸುತ್ತು ಕಲಿತಳು. ತಲೆ ನರೆತರೂ ಕಲಿಯುವುದು ಮುಗಿಯಲಿಲ್ಲ. ಯಾರು ಕಲಿಸಿದರು ಎಂದು ಕೇಳಿದರೆ ಕಾಡಿನ ಕಡೆ ಗದ್ದ ಎತ್ತುತ್ತಿದ್ದಳು. ಮಾತು ಕಡಿಮೆ.

ಅವಳಿಗೊಂದು ನೇಮ. ಚುಕ್ಕಿ ಇಟ್ಟ ಮೇಲೆ ಎಳೆ ಎಳೆದು ಕೂಡಿಸಿಯೇ ಏಳಬೇಕು. ಚುಕ್ಕಿಯನ್ನು ಒಂಟಿ ಬಿಟ್ಟರೆ ಮನೆಗೆ ಒಳ್ಳೆಯದಲ್ಲ ಎಂದು ಅವಳ ತಾಯಿ ಹೇಳಿದ್ದಳು. ಕೆಂಚವ್ವ ಒಮ್ಮೆಯೂ ಬಿಟ್ಟವಳಲ್ಲ.

ಒಂದು ದಿನ ತಾಯಿಜಿಂಕೆ ಮರಿಯೊಂದಿಗೆ ಅಂಗಳಕ್ಕೆ ಬಂತು. ಹಿಂದಿನ ಮರಿಗಳನ್ನೆಲ್ಲ ಹುಲಿ ತಿಂದಿತ್ತು. ಎಲ್ಲಿ ಮಲಗಿಸಿದರೂ ಕೆಂಪಗೆ ಎದ್ದು ಕಾಣುತ್ತವೆ, ಇದೊಂದನ್ನಾದರೂ ಉಳಿಸಿಕೊಡು ಎಂದು ಅತ್ತಿತು.

ಕೆಂಚವ್ವ ಅಂಗಳದ ಮರದ ಬುಡ ನೋಡಿದಳು. ಎಲೆಗಳ ಸಂದಿಯಿಂದ ಬಿಸಿಲು ಹನಿಹನಿಯಾಗಿ ನೆಲಕ್ಕೆ ಬಿದ್ದಿತ್ತು. ನೋಡಿಯೇ ನೋಡಿದಳು. ಆಮೇಲೆ ಬಿಳಿ ಮಣ್ಣು ಕಲಸಿ, ಮರಿಯನ್ನು ಅಲ್ಲೇ ಮಲಗಿಸಿ, ಚುಕ್ಕಿ ಇಟ್ಟಳು. ಇಟ್ಟಳು, ಇಟ್ಟಳು, ಬಾಲದವರೆಗೂ ಇಟ್ಟಳು.

ಇನ್ನು ಎಳೆ. ಹೊಟ್ಟೆಯ ಪಕ್ಕದ ಚುಕ್ಕಿಗಳನ್ನು ಕೂಡಿಸಿದಳು. ಅಷ್ಟಕ್ಕೇ ಮರಿಯ ಆಕಾರ ಎದ್ದು ಕಂಡಿತು. ಕೈ ತಡೆದಳು. ಎಳೆದಷ್ಟನ್ನು ಹುಲ್ಲಿನಿಂದ ಮುಚ್ಚಿ, ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಕೊಂಬೆಯ ಮೇಲಿಂದ ಕರಿಮೂತಿಯ ಮುಸುವ ಹಲ್ಲು ಕಿರಿಯಿತು. "ಏನಜ್ಜಿ, ಕೈ ಸೋತಿತಾ? ಚುಕ್ಕಿ ಒಂಟಿ ಬಿಟ್ಟೆಯಲ್ಲ, ನಿಮ್ಮವ್ವ ಇದ್ದಿದ್ದರೆ ಏನನ್ನುತ್ತಿದ್ದಳು?"

"ಬಿಸಿಲು ಎಳೆ ಎಳೆದದ್ದನ್ನು ನೀನು ಕಂಡಿದ್ದೀಯೇನೋ?" ಎಂದಳು ಕೆಂಚವ್ವ.

ಅಷ್ಟರಲ್ಲಿ ಪೊದೆ ಅಲ್ಲಾಡಿತು. ಹುಲಿ. ತಾಯಿಜಿಂಕೆ ಹಾರಿ ಓಡಿತು. ಮರಿ ಮಲಗಿದಲ್ಲೇ ಮಲಗಿತ್ತು. ಕೆಂಚವ್ವ ಹಿಂದೆ ಸರಿದು ಹೊಸಿಲ ಮೇಲೆ ನಿಂತಳು.

ಹುಲಿ ಮರದ ಬುಡ ನೋಡಿತು. ಯಾವುದು ಬಿಸಿಲು, ಯಾವುದು ಮರಿ, ಗೊತ್ತಾಗಲಿಲ್ಲ. ಆಕಳಿಸಿ ಹೋಯಿತು.

ಮುಸುವ ಕೊಂಬೆಯಿಂದ ಇಳಿದು ಬಂದು ಮರಿಯ ಚುಕ್ಕಿಗಳನ್ನು ಹತ್ತಿರದಿಂದ ನೋಡಿತು.

ಕೆಂಚವ್ವ ಅರ್ಧಕ್ಕೆ ಬಿಟ್ಟ ರಂಗೋಲಿ ಅದೊಂದೇ. ಹೆಮ್ಮೆಯಿಂದ ಹೇಳಿಕೊಂಡದ್ದೂ ಅದೊಂದನ್ನೇ.

ಆ ಮರಿ ದೊಡ್ಡದಾಗಿ ಮರಿ ಹಾಕಿತು. ಅವಕ್ಕೂ ಚುಕ್ಕಿ. ಈಗಲೂ ಜಿಂಕೆ ಕಂಡರೆ ಹೊಟ್ಟೆಯ ಪಕ್ಕ ನೋಡು, ಮಗು. ಅಲ್ಲಿ ಚುಕ್ಕಿಗಳು ಸಾಲಾಗಿ, ಎಳೆಯ ಹಾಗೆ ಕೂಡಿಕೊಂಡಿರುತ್ತವೆ. ಕೆಂಚವ್ವನ ಕೈ ನಿಂತದ್ದು ಅಲ್ಲಿ.