ಹೊನ್ನೂರಸಾಬನ ಪೆಟ್ಟಿಗೆ ಕಂಡ ಬೆಳಕು

ಬಹಳ ಹಿಂದೆ, ಕೆಂಗಲ್ಲಗುಡ್ಡದ ಬುಡದಲ್ಲಿ ಒಂದು ಊರಿತ್ತು. ಎಷ್ಟು ಹಿಂದೆ ಎಂದು ಹೇಳುವವರು ಯಾರೂ ಉಳಿದಿಲ್ಲ. ಗುಡ್ಡ ಆಗ ಈಗಿನಷ್ಟು ಕುಳ್ಳಗಿರಲಿಲ್ಲ, ಅಷ್ಟು ಮಾತ್ರ ಗೊತ್ತು.

ಆ ಗುಡ್ಡದ ಹೊಟ್ಟೆಯಲ್ಲಿ ಕಬ್ಬಿಣದ ಅದಿರಿತ್ತು. ನೆತ್ತಿಯ ಮೇಲೆ ಒಂದು ದೊಡ್ಡ ಗಾಲಿ, ಗಾಲಿಯಿಂದ ಬುಡದವರೆಗೆ ಉಕ್ಕಿನ ಹಗ್ಗ, ಹಗ್ಗಕ್ಕೆ ತೂಗುಬಿಟ್ಟ ಕಬ್ಬಿಣದ ತೊಟ್ಟಿಲುಗಳು. ಅದಿರು ತುಂಬಿದ ತೊಟ್ಟಿಲು ಇಳಿದರೆ ಖಾಲಿ ತೊಟ್ಟಿಲು ಏರುತ್ತಿತ್ತು. ಹಗ್ಗ ಬಂದು ಮುಟ್ಟುವ ಕಡೆಯಲ್ಲೇ ಕೆಲಸಗಾರರ ಗುಡಿಸಲುಗಳಿದ್ದವು. ಮಳೆಗಾಲದಲ್ಲಿ ಗಣಿ ನಿಲ್ಲುತ್ತಿತ್ತು. ಮಾಗಿ ಬಂತೆಂದರೆ ಹಗಲೂ ರಾತ್ರಿ ಕೆಲಸ. ಆ ಗುಡ್ಡದ ಮಾಗಿಯಲ್ಲಿ ಹಾರೆ ಹಿಡಿದರೆ ಅಂಗೈ ಚರ್ಮ ಹಾರೆಗೇ ಅಂಟುತ್ತಿತ್ತಂತೆ. ಬಿಟ್ಟ ಉಸಿರು ಮೀಸೆಯಲ್ಲಿ ಹರಳುಗಟ್ಟುತ್ತಿತ್ತಂತೆ. ಹಿರಿಯರು ಹಾಗನ್ನುತ್ತಾರೆ, ನಾವು ಹೌದೆನ್ನುತ್ತೇವೆ.

ಆ ಊರಿನಲ್ಲಿ ಹೊನ್ನೂರಸಾಬ ಎಂಬ ಫೋಟೋದವನಿದ್ದ. ಮೂರು ಕಾಲಿನ ಮೇಲೆ ನಿಲ್ಲುವ ಮರದ ಪೆಟ್ಟಿಗೆ, ತಲೆಯ ಮೇಲೆ ಎಳೆದುಕೊಳ್ಳುವ ಕರಿ ಬಟ್ಟೆ, ಗಾಜಿನ ಹಲಗೆಗಳು. ಇಷ್ಟೇ ಅವನ ಬದುಕು. ಒಮ್ಮೆ ಗಣಿಯ ದೊರೆಗಳು ಕರೆಸಿ ಹಗಲು ಹೊತ್ತಿನಲ್ಲಿ ಗಣಿಯ ಫೋಟೋ ತೆಗೆಸಿದರು. ಅದನ್ನು ಕಚೇರಿಯ ಗೋಡೆಗೆ ತೂಗುಹಾಕಿದಾಗ ರಾತ್ರಿ ಪಾಳಿಯವರೂ ಬಂದು ನೋಡಿದರು. ದೊರೆಗಳಿದ್ದರು, ಗಾಲಿಯಿತ್ತು, ದೊರೆಗಳ ನಾಯಿಯೂ ಇತ್ತು.

“ಏನ್ ಸಾಬಣ್ಣ, ನಾಯಿಗೂ ಜಾಗ ಐತಿ. ನಾವೇನ್ ಗೂಬಿಗಳಾ?” ಎಂದ ಗಾದಿಲಿಂಗ. ಅವನು ರಾತ್ರಿ ಪಾಳಿಯಲ್ಲಿ ಗಾಲಿಗೆ ಎಣ್ಣೆ ಬಿಡುವವನು. ಎಡಗಾಲು ಕುಂಟು, ಬಾಯಿ ಮಾತ್ರ ಎಲ್ಲಿಯೂ ಕುಂಟುತ್ತಿರಲಿಲ್ಲ.

ಎಲ್ಲರೂ ನಕ್ಕರು. ಹೊನ್ನೂರಸಾಬ ನಗಲಿಲ್ಲ. ಆ ರಾತ್ರಿ ಅವನಿಗೆ ಅನ್ನ ರುಚಿಸಲಿಲ್ಲವಂತೆ.

ಮರುದಿನ ಸಂಜೆ ಪೆಟ್ಟಿಗೆ ಹೊತ್ತು ಎದುರಿನ ದಿಬ್ಬ ಹತ್ತಿದ. ಕತ್ತಲಲ್ಲಿ ಪೆಟ್ಟಿಗೆಯ ಕಣ್ಣು ಬಹಳ ಹೊತ್ತು ತೆರೆದಿರಬೇಕು. ಆದರೆ ಆ ಚಳಿಯಲ್ಲಿ ತೆರೆದ ಕಣ್ಣಿಗೆ ಮಂಜು ಕವಿಯುತ್ತಿತ್ತು. ಒರೆಸಿದರೆ ಮತ್ತೆ ಕವಿಯುತ್ತಿತ್ತು. ಇದನ್ನು ಕಂಡ ಕಂಬಾರ ಮೌನೇಶಾಚಾರಿ ತನ್ನ ಕುಲುಮೆಯಲ್ಲಿ ಒಂದು ಇಟ್ಟಿಗೆ ಕಾಯಿಸಿ, ಕಂಬಳಿ ಚೂರಿನಲ್ಲಿ ಸುತ್ತಿ, ಪೆಟ್ಟಿಗೆಯ ಮಗ್ಗುಲಿಗೆ ಇಟ್ಟ. ಮಂಜು ದೂರ ಸರಿಯಿತು. ಅಂದಿನಿಂದ ದಿನವೂ ಕುಲುಮೆಯಿಂದ ಇಟ್ಟಿಗೆ ಬರುತ್ತಿತ್ತು. ಕೇಳುವುದೂ ಇರಲಿಲ್ಲ, ಹೇಳುವುದೂ ಇರಲಿಲ್ಲ.

ಮೊದಲ ಫೋಟೋ ಹೊರಬಿದ್ದಾಗ ಅದರಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ತೆರೆದ ಕಣ್ಣಿನ ಮುಂದೆ ಓಡಾಡಿದವರೆಲ್ಲ ಅಳಿಸಿಹೋಗಿ, ಅವರ ಕೈಯ ಕಂದೀಲುಗಳು ನಡೆದ ದಾರಿ ಮಾತ್ರ ಬಿಳಿ ಗೆರೆಗಳಾಗಿ ಉಳಿದಿತ್ತು. ದೆವ್ವದ ಫೋಟೋ ತೆಗೆದೆ ಎಂದು ಪಾಳಿಯವರು ಕಾಡಿದರು. ಹೊನ್ನೂರಸಾಬ ತಲೆ ತಗ್ಗಿಸಿ ನಿಂತ. ಆಗ ಗಾದಿಲಿಂಗನ ಹೆಂಡತಿ ಸುಂಕ್ಲಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅವಳು ಹಳೆ ಬಟ್ಟೆ ಜೋಡಿಸಿ ಊರಿಗೆಲ್ಲ ಹೊದೆಯುವ ಕೌದಿ ಹೊಲಿದುಕೊಡುವವಳು. ಫೋಟೋದ ಮೇಲೆ ಬೆರಳಿಟ್ಟು, “ಇದು ನಮ್ಮನಿಯವರು” ಅಂದಳು.

ನೋಡಿದರೆ ಹೌದು. ಉಳಿದ ಗೆರೆಗಳೆಲ್ಲ ಎಳೆದ ದಾರದ ಹಾಗಿದ್ದವು. ಇದೊಂದು ತುಂಡು ತುಂಡಾಗಿ, ಕೌದಿಯ ಹೊಲಿಗೆಯ ಹಾಗಿತ್ತು. ಕುಂಟುವ ಒಂದೊಂದು ಹೆಜ್ಜೆಗೂ ಕಂದೀಲು ತೊಡೆಯ ಹಿಂದೆ ಮರೆಯಾಗಿ ಮತ್ತೆ ಕಾಣಿಸಿತ್ತು.

ಅವತ್ತಿನಿಂದ ಒಂದು ಪದ್ಧತಿ ಬಂತು. ದಿಬ್ಬದ ಮೇಲಿಂದ ಹೊನ್ನೂರಸಾಬ ಸೀಟಿ ಊದಿದರೆ ಪಾಳಿಯವರೆಲ್ಲ ಇದ್ದಲ್ಲೇ ದಿಬ್ಬದ ಕಡೆ ತಿರುಗಿ, ಕಂದೀಲು ಮುಖದ ಹತ್ತಿರ ಹಿಡಿದು, ಮತ್ತೆ ಸೀಟಿ ಬರುವವರೆಗೆ ಅಲುಗಾಡದೆ ನಿಲ್ಲುತ್ತಿದ್ದರು. ಅಲುಗಿದರೆ ಅಳಿಸಿಹೋಗುತ್ತೀರಿ ಎಂದು ಅವನು ಹೇಳಿದ್ದ. ಹಾಗೆ ಮುಖಗಳು ಮೂಡಿದವು. ಗುಡಿಸಲುಗಳ ಒಳಗೆ, ದೇವರ ಪಟದ ಪಕ್ಕದಲ್ಲಿ, ರಾತ್ರಿ ದುಡಿಯುವವರ ಮುಖಗಳು ಬಂದು ಕೂತವು.

ಹೀಗಿರುವಾಗ ಒಂದು ಮಾಗಿಯ ಅಮಾವಾಸ್ಯೆ. ಸಂಜೆಗೇ ಗಾಳಿ ಎದ್ದಿತು. ಸೂಜಿಯಂಥ ಮಳೆ ಅಡ್ಡಡ್ಡ ಹೊಡೆಯತೊಡಗಿತು. ಹೊನ್ನೂರಸಾಬ ಪೆಟ್ಟಿಗೆಯ ಕಣ್ಣು ಮಾತ್ರ ತೆರೆದಿಟ್ಟು, ಉಳಿದದ್ದಕ್ಕೆ ತನ್ನ ಕಂಬಳಿ ಹೊದಿಸಿ, ಮಳೆಗೆ ಮುಖ ತಗ್ಗಿಸಿ, ಬರೀ ಮೈಯಲ್ಲಿ ಅದನ್ನು ತಬ್ಬಿ ನಿಂತಿದ್ದನಂತೆ. ನಡುರಾತ್ರಿಗೆ ಕೆಲಸ ನಿಲ್ಲಿಸಿ ಎಲ್ಲರೂ ಕೆಳಗಿಳಿದರು. ಬೆಳಗಾಗುವಾಗ ಎಲ್ಲರೂ ಇದ್ದರು, ಗಾದಿಲಿಂಗನಿರಲಿಲ್ಲ.

ಮೇಲೆ ಹೋಗಿ ನೋಡಿದರೆ ಗಾಲಿಯನ್ನು ತಡೆದು ಹಿಡಿಯುವ ಬಿಗಿ ಸಡಿಲವಾಗಿತ್ತು. ಯಾರೋ ಒಂದು ತೊಲೆಯನ್ನು ಗಾಲಿಯ ಹಲ್ಲುಗಳ ನಡುವೆ ಸಿಕ್ಕಿಸಿದ್ದರು. ಆ ತೊಲೆ ಇಲ್ಲದಿದ್ದರೆ ಅದಿರು ತುಂಬಿದ ತೊಟ್ಟಿಲುಗಳೆಲ್ಲ ಉರುಳಿಬಂದು, ಜನ ಮಲಗಿದ್ದ ಗುಡಿಸಲುಗಳ ಮೇಲೆ ಬೀಳುತ್ತಿದ್ದವು. ಸಿಕ್ಕಿಸಿದವರು ಯಾರೆಂದರೆ, ಪಾಳಿಯ ಮೇಸ್ತ್ರಿ ತಾನೇ ಎಂದ. ಕುಂಟ ಎಲ್ಲಿ ಎಂದರೆ, ಗಾಳಿಗೆ ಹೆದರಿ ಹಿಂದಿನ ದಾರಿ ಹಿಡಿದು ಓಡಿದ, ಕಣ್ಣಾರೆ ಕಂಡೆ ಎಂದ. ಜನ ನಂಬಿದರು. ಓಡಿಹೋದವನನ್ನು ಮಳೆಯಲ್ಲಿ ಯಾರು ಹುಡುಕುತ್ತಾರೆ?

ಸುಂಕ್ಲಮ್ಮ ಅಳಲಿಲ್ಲ. ದಿಬ್ಬದಿಂದ ನಡುಗುತ್ತ ಇಳಿದು ಬರುತ್ತಿದ್ದ ಹೊನ್ನೂರಸಾಬನಿಗೆ ಅಡ್ಡ ನಿಂತಳು.

“ಸಾಬಣ್ಣ, ರಾತ್ರಿಯೆಲ್ಲ ನಿನ್ ಪೆಟ್ಟಿಗಿ ಕಣ್ ತಕ್ಕಂಡು ಕುಂತಿತ್ತಲ್ಲ. ಅದನ್ನ ಕೇಳು.”

ಗಾಜಿನೊಳಗೆ ಏನಿದೆಯೋ ಹೊನ್ನೂರಸಾಬನಿಗೂ ಗೊತ್ತಿರಲಿಲ್ಲ. ನೀರು ಹೊಕ್ಕು ಹಾಳಾಗಿರಬಹುದು. ಹಾಳಾಗದೆ, ಹೊಲಿಗೆಯ ಗೆರೆ ಹಿಂದಿನ ದಾರಿಯ ಕಡೆಗೇ ಹೋಗಿದ್ದರೆ? ತನ್ನ ಕೈಯಾರೆ ಈ ಹೆಣ್ಣುಮಗಳ ಬಾಳನ್ನು ಊರಿನ ಬಾಯಿಗೆ ಹಾಕಿದಂತೆ. ಅದನ್ನೇ ಮೆಲ್ಲಗೆ ಹೇಳಿದ.

“ಏನಿದ್ರೂ ಎಲ್ಲರ ಮುಂದ ತೋರ್ಸು,” ಅಂದಳು ಅವಳು. “ಅವರು ಓಡಂಗಿದ್ರ ನನ್ನ ಮದುವಿ ದಿನಾನೇ ಓಡ್ತಿದ್ರು.”

ಗಾಜನ್ನು ಮದ್ದಿನ ನೀರಿನಲ್ಲಿ ತೊಳೆದರೆ ಮಾತ್ರ ಚಿತ್ರ ಏಳುತ್ತದೆ. ಆ ಚಳಿಗೆ ಮದ್ದು ಸತ್ತ ನೀರಾಗಿತ್ತು. ಮನೆಯಲ್ಲಿ ಒಲೆ ಹೊತ್ತಿಸಿ ಕಾಯಿಸುವಷ್ಟು ವ್ಯವಧಾನವಿಲ್ಲ. ಮೌನೇಶಾಚಾರಿ ಕುಲುಮೆಯ ಬಾಗಿಲು ತೆರೆದ. ಸಂದುಗೊಂದಿಗೆಲ್ಲ ಗೋಣಿಚೀಲ ತುರುಕಿದರು. ಕತ್ತಲಾಯಿತು. ಕೆಂಡದ ಕೆಂಪು ಬೆಳಕು ಗಾಜಿಗೆ ಕೇಡು ಮಾಡದು, ಅದೊಂದೇ ಇತ್ತು. ಬಿಸಿ ಇಟ್ಟಿಗೆಯ ಮೇಲೆ ತಟ್ಟೆಯಿಟ್ಟು, ಮದ್ದು ಬೆಚ್ಚಗಾದ ಮೇಲೆ ಗಾಜು ಮುಳುಗಿಸಿ, ಹೊನ್ನೂರಸಾಬ ತಟ್ಟೆಯನ್ನು ತೊಟ್ಟಿಲಿನಂತೆ ತೂಗಿದ. ತೂಗುತ್ತ ಅಲ್ಲಾನನ್ನೂ ಕಂಬಾರರ ದೇವರು ಮೌನಪ್ಪನನ್ನೂ ಒಂದೇ ಉಸಿರಿನಲ್ಲಿ ನೆನೆದನಂತೆ.

ಹೊರಗೆ ಊರೇ ನಿಂತಿತ್ತು. ಅವನು ಒದ್ದೆ ಗಾಜನ್ನು ಆಕಾಶಕ್ಕೆ ಹಿಡಿದ. ಗಾಜಿನ ಮೇಲೆ ಬೆಳಕು ಕಪ್ಪಾಗಿ ಕಾಣುತ್ತದೆ. ಒಂದು ಹಿಡಿ ಕಪ್ಪು ದಾರಗಳು ಗುಡ್ಡದಿಂದ ಬುಡಕ್ಕೆ ಇಳಿದಿದ್ದವು. ಒಂದೇ ಒಂದು ಗೆರೆ ಮೇಲಕ್ಕೆ ಏರಿತ್ತು. ತುಂಡು ತುಂಡಾಗಿ, ಕೌದಿಯ ಹೊಲಿಗೆಯಾಗಿ, ಗಾಲಿಯವರೆಗೆ ಹೋಗಿ, ಅಲ್ಲಿ ಗಂಟಿನ ಹಾಗೆ ನಿಂತು, ಆಮೇಲೆ ಪಕ್ಕದ ಕೊರಕಲಿನ ಕಡೆಗೆ ಒಮ್ಮೆಲೇ ಜಾರಿ ಮುಗಿದಿತ್ತು.

ಯಾರೂ ಏನೂ ವಿವರಿಸಬೇಕಾಗಲಿಲ್ಲ. ಜನ ಮೇಸ್ತ್ರಿಯ ಮುಖ ನೋಡಿದರು. ಅವನು ತಲೆಯ ರುಮಾಲು ಬಿಚ್ಚಿ ಸೊಂಟಕ್ಕೆ ಕಟ್ಟಿ, ಹಗ್ಗ ಹೆಗಲಿಗೆ ಹಾಕಿಕೊಂಡು ಎಲ್ಲರಿಗಿಂತ ಮೊದಲು ಕೊರಕಲಿಗೆ ಇಳಿದ. ಅದನ್ನೂ ಹೇಳಬೇಕು, ಹೇಳುತ್ತಾರೆ.

ಗಾದಿಲಿಂಗ ಒಂದು ಬಂಡೆಯ ಅಡಿಯಲ್ಲಿ ಸಿಕ್ಕಿದ. ಮೈ ಕಲ್ಲಿನಷ್ಟು ತಣ್ಣಗಿತ್ತು, ಉಸಿರು ಮಾತ್ರ ಇತ್ತು. ಇನ್ನೊಂದು ಹೊತ್ತು ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ. ಕುಲುಮೆಯ ಮುಂದೆ ಮಲಗಿಸಿ, ಊರಿನ ಕೌದಿಗಳನ್ನೆಲ್ಲ ಹೊದಿಸಿದರು. ಸಂಜೆಗೆ ಕಣ್ಣು ಬಿಟ್ಟ. ಮುರಿದದ್ದು ಬಲಗಾಲು ಎಂದು ತಿಳಿದಾಗ, “ಬಿಡು, ಈಗ ಎರಡೂ ಜೋಡಿ ಆದ್ವು” ಎಂದನಂತೆ. ಆಮೇಲೆ ಅವನು ಎರಡೂ ಕಡೆಗೆ ಕುಂಟುತ್ತಿದ್ದನೆಂದೂ, ಅದರಿಂದ ಫೋಟೋದಲ್ಲಿ ಅವನ ಗೆರೆ ನೇರವಾಗಿಯೇ ಬರುತ್ತಿತ್ತೆಂದೂ ಹೇಳುವವರಿದ್ದಾರೆ. ಸುಂಕ್ಲಮ್ಮ ಒಂದು ಕೌದಿ ಹೊಲಿದು, ಮನುಷ್ಯನಿಗಲ್ಲ, ಹೊನ್ನೂರಸಾಬನ ಪೆಟ್ಟಿಗೆಗೆ ಹೊದಿಸಿ ಹೋದಳು. ಅವನು ಅದನ್ನು ಸಾಯುವವರೆಗೂ ಬದಲಿಸಲಿಲ್ಲ.

ಹೊನ್ನೂರಸಾಬ ಮುದುಕನಾಗಿ ತೀರಿಕೊಂಡ. ಎಲ್ಲರ ಮುಖ ಉಳಿಸಿದವನ ಒಂದು ಫೋಟೋವೂ ಇಲ್ಲ. ಯಾವಾಗಲೂ ಪೆಟ್ಟಿಗೆಯ ಹಿಂದೆಯೇ ಇದ್ದ, ಹೇಗೆ ಸಿಗುತ್ತಾನೆ? ಗಣಿ ಮುಚ್ಚಿತು, ಗಾಲಿಯೂ ಹೋಯಿತು.

ಆದರೂ ಮಾಗಿಯ ಅಮಾವಾಸ್ಯೆ ಬಂದರೆ ಕಂಬಾರರ ಮನೆಯವರು ಒಂದು ಇಟ್ಟಿಗೆ ಕಾಯಿಸಿ, ಕಂಬಳಿಯಲ್ಲಿ ಸುತ್ತಿ, ಎದುರಿನ ದಿಬ್ಬದ ಮೇಲಿಟ್ಟು, ಒಂದು ಸೀಟಿ ಊದಿ ಬರುತ್ತಾರೆ. ಇತ್ತ ಗುಡ್ಡದ ಮೇಲೆ ಊರಿನವರೆಲ್ಲ ಕಂದೀಲು ಮುಖದ ಹತ್ತಿರ ಹಿಡಿದು ಆ ಖಾಲಿ ದಿಬ್ಬದ ಕಡೆ ತಿರುಗಿ ನಿಲ್ಲುತ್ತಾರೆ. ಚಳಿ ಕೊರೆಯುತ್ತದೆ. ಎರಡನೆಯ ಸೀಟಿ ಊದುವವರು ಯಾರೂ ಇಲ್ಲ, ಇಟ್ಟಿಗೆ ಆರಿರಬೇಕು ಎನಿಸುವವರೆಗೆ ನಿಂತಿರುತ್ತಾರೆ. ಮಕ್ಕಳು ಕಾಲು ಬದಲಿಸಿದರೆ ಅಜ್ಜಿಯರು ಈಗಲೂ ಪಿಸುಗುಟ್ಟುತ್ತಾರೆ:

“ಅಲುಗಬ್ಯಾಡ ಕೂಸೆ, ಸಾಬಣ್ಣ ನೋಡಾಕತ್ಯಾನ.”