ಮಸಿ ಸವರದ ಗರಿ

ವರದಾ ನದಿಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ನಾಲ್ಕು ಗುಡಿಸಲು, ಒಂದು ಹುಣಸೆ ಮರ, ನೀರಿಗೆ ಇಳಿಯಲು ಕಲ್ಲಿನ ಮೆಟ್ಟಿಲು. ಹಳೆಯ ಓಲೆಗರಿಗಳನ್ನು ನೋಡಿ ಹೊಸ ಗರಿಗಳ ಮೇಲೆ ನಕಲು ಮಾಡುವುದು ಅಲ್ಲಿದ್ದವರ ಕೆಲಸ.

ಗುರು ನಿಂಬವ್ವ ತಾಯಿ. ವಯಸ್ಸಾಗಿ ಕಣ್ಣಿಗೆ ಪೊರೆ ಬಂದಿತ್ತು. ಆದರೂ ಶಿಷ್ಯರು ತಪ್ಪು ಬರೆದರೆ ಹೇಗೋ ಆಕೆಗೆ ತಿಳಿದುಬಿಡುತ್ತಿತ್ತು.

ಆಶ್ರಮದ ಅಟ್ಟದ ಮೇಲೆ ವೇದಾಂತವಿತ್ತು, ವೈದ್ಯವಿತ್ತು, ಪಂಚಾಂಗವಿತ್ತು. ಶಿಷ್ಯ ಕೇತಯ್ಯನಿಗೆ ಅವುಗಳ ಮೇಲೆ ಗೌರವವಿತ್ತು, ಅಷ್ಟೆ. ಅವನ ಜೀವವೆಲ್ಲ ಇದ್ದದ್ದು ಮೂಲೆಯಲ್ಲಿದ್ದ ಒಂದು ಕಥೆಯಲ್ಲಿ.

ಅದರ ಹೆಸರು ಮಂಜುಗೋಟೆಯ ಕಥೆ. ಒಟ್ಟು ಹನ್ನೆರಡು ಕಟ್ಟು. ಒಂದೊಂದು ಕಟ್ಟನ್ನು ಎತ್ತಲು ಎರಡೂ ಕೈ ಬೇಕಾಗುತ್ತಿತ್ತು.

ಬರೆದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಬರೆದದ್ದು ಮಾತ್ರ ಸಾಮಾನ್ಯವಲ್ಲ. ಬೆಟ್ಟ ಹತ್ತುವ ಹೊಳೆ ಅದರಲ್ಲಿತ್ತು. ತನ್ನ ನೆರಳನ್ನು ಕಳೆದುಕೊಂಡ ಅರಸನಿದ್ದ. ಅಮಾವಾಸ್ಯೆ ಬಂದರೆ ಎದ್ದು ನಡೆಯುವ ಕಲ್ಲುಮಂದಿ ಇದ್ದರು. ಏಳು ಕಣಿವೆಗಳಿದ್ದವು, ಕಣಿವೆಗೊಂದು ಭಾಷೆ, ಅದರದೇ ಬೈಗುಳ, ಅದರದೇ ಅಡುಗೆ.

ಇಲ್ಲದ ಊರನ್ನು ಇಷ್ಟು ಚೆನ್ನಾಗಿ ಕಟ್ಟಬೇಕಾದರೆ ಆ ಮನುಷ್ಯ ಎಷ್ಟು ವರ್ಷ ಅಲ್ಲೇ ಸಂಸಾರ ಹೂಡಿರಬೇಕು ಎಂದು ಕೇತಯ್ಯ ಬೆರಗಾಗುತ್ತಿದ್ದ.

ಈ ಕಥೆಗೆ ಆಶ್ರಮದಲ್ಲಿ ಒಂದು ಕಟ್ಟಳೆಯಿತ್ತು. ಒಂದು ಕಟ್ಟು ಮುಗಿಸಿದವರಿಗೇ ಮುಂದಿನ ಕಟ್ಟು. ಮುಂದಕ್ಕೆ ಓದಿದವನು ಹಿಂದೆ ಉಳಿದವನ ಹತ್ತಿರ ಬಾಯಿ ಬಿಡುವಂತಿಲ್ಲ.

ಹಿಂದೆ ಉಳಿದವನು ಬಂಕಣ್ಣ. ಕೇತಯ್ಯನ ಗೆಳೆಯ. ಅವನಿಗೂ ಅದೇ ಹುಚ್ಚು. ಹೊಳೆಯ ಮರಳಿನಲ್ಲಿ ಇಬ್ಬರೂ ಕುಕ್ಕರಗಾಲಿನಲ್ಲಿ ಕುಳಿತು ಕೋಟೆ ಬಿಡಿಸುತ್ತಿದ್ದರು.

"ಕೇತಾ, ಕೋಟಿಯಿಂದ ಬಡಗಣ ಬಾಗಿಲಿಗೆ ಎಷ್ಟು ದೂರ ಇರಬಹುದೋ?"

"ಬಂಡಿಯಾಗ ಹೋದ್ರ ಅರ್ಧ ದಿನ."

"ಮಂಜು ಬಿದ್ದಿದ್ರ?"

"ಮಂಜು ಬಿದ್ದಿದ್ರ ಬಂಡಿ ಹೂಡೋದ ಬ್ಯಾಡ."

ಉಳಿದ ಶಿಷ್ಯರು ನಗುತ್ತಿದ್ದರು. "ಇಬ್ಬರೂ ಆ ಊರಾಗ ಹೊಲಾ ಮಾಡೀರೇನೋ?" ಎಂದು ಒಬ್ಬ ಕೇಳಿದ.

ಹುಣಸೆಯ ನೆರಳಿನಲ್ಲಿದ್ದ ನಿಂಬವ್ವ ಅಲ್ಲಿಂದಲೇ ಹೇಳಿದಳು. "ಮಾಡಿದ್ರ ನನಗೂ ನಾಲ್ಕು ಸಾಲು ಬಿಡ್ರಪ್ಪಾ. ಅಲ್ಲೀ ನೆಲಾ ಭಾಳ ಛಲೋ ಐತಿ."

ಅಂದಿನಿಂದ ನಗುವವರು ಸ್ವಲ್ಪ ತಣ್ಣಗಾದರು.

ಕಥೆಯಲ್ಲಿ ರಾಜರಿದ್ದರು, ಮಾಯಗಾರರಿದ್ದರು, ಹಾರುವ ಕುದುರೆ ಏರುವ ವೀರರಿದ್ದರು. ಕೇತಯ್ಯ ಮನಸೋತದ್ದು ಅವರಿಗಲ್ಲ. ಅವನು ಮನಸೋತದ್ದು ಬಾಚಲೆಗೆ.

ಬಾಚಲೆ ಬಡಗಣ ಬಾಗಿಲನ್ನು ತೆರೆದು ಮುಚ್ಚುವ ಹೆಂಗಸು. ರಾಗವಿಲ್ಲದ ದನಿಯಲ್ಲಿ ಹಾಡುತ್ತಾಳೆ. ಸೆರಗಿನ ತುದಿಯಲ್ಲಿ ಬೆಲ್ಲದ ಚೂರು ಕಟ್ಟಿಕೊಂಡಿರುತ್ತಾಳೆ. ಬಾಗಿಲಿಗೆ ಯಾರೇ ಹಸಿದು ಬರಲಿ, ಅದರಲ್ಲಿ ಅರ್ಧ ಮುರಿದು ಕೊಡುತ್ತಾಳೆ. ಮೊದಲ ಕಟ್ಟಿನಲ್ಲೇ ಆಕೆ ಅರಸನಿಗೆ ಹೀಗೆ ಬೆಲ್ಲ ಕೊಟ್ಟು, "ನೆರಳಿಲ್ಲದವರಿಗೂ ಹಸಿವು ಇರತೈತಲ್ಲ" ಎಂದು ನಕ್ಕಿದ್ದಳು. ಕೇತಯ್ಯ ಅಂದೇ ಆಕೆಯ ಬಳಗ ಸೇರಿದ.

ಹುಳ ತಿಂದ ಕಟ್ಟುಗಳನ್ನು ಆಗಾಗ ನಕಲು ಮಾಡಬೇಕಾಗುತ್ತಿತ್ತು. ಹೊಸ ಪ್ರತಿ ಸಿದ್ಧವಾದ ಮೇಲೆ ಹಳೆಯದನ್ನು ಬೆಳಗಿನ ಹೊತ್ತು ಹೊಳೆಗೆ ಬಿಡುವುದು ವಾಡಿಕೆ. ನಕಲು ಮಾಡಿದವನೇ ನೀರಿಗಿಳಿದು ಬಿಡಬೇಕು.

ಆ ವರ್ಷ ಹನ್ನೆರಡನೆಯ ಕಟ್ಟಿಗೆ ಹುಳ ಹತ್ತಿತು.

"ಕೇತಾ, ಹನ್ನೊಂದು ಮುಗಿಸಿದಿಯಲ್ಲ?" ನಿಂಬವ್ವ ಕೇಳಿದಳು.

"ಮುಗಿಸೇನ್ರಿ ಅವ್ವಾರ."

"ಹಂಗಾದ್ರ ಕಡೀ ಕಟ್ಟು ನೀನ ಬರಿ. ಓದಿದಂಗೂ ಆತು, ಬರದಂಗೂ ಆತು."

ಕೇತಯ್ಯನ ಕಾಲು ನೆಲದ ಮೇಲಿರಲಿಲ್ಲ.

ಓಲೆಗರಿಯ ಬರವಣಿಗೆ ಎರಡು ಹಂತದ ಕೆಲಸ. ಮೊದಲು ಕಬ್ಬಿಣದ ಮೊನೆಯಿಂದ ಅಕ್ಷರ ಕೊರೆಯಬೇಕು. ಕೊರೆದ ಅಕ್ಷರ ಕಣ್ಣಿಗೆ ಕಾಣುವುದಿಲ್ಲ, ಗರಿ ಖಾಲಿ ಇದ್ದಂತೆಯೇ ಇರುತ್ತದೆ. ಆಮೇಲೆ ಎಣ್ಣೆಯಲ್ಲಿ ಕಲಸಿದ ಮಸಿಯನ್ನು ಸವರಿ ಒರೆಸಬೇಕು. ಮಸಿ ಗೀರಿನೊಳಗೆ ಇಳಿದು ನಿಲ್ಲುತ್ತದೆ. ಆಗ ಅಕ್ಷರಗಳು ಎದ್ದು ಬರುತ್ತವೆ.

ಕೇತಯ್ಯ ಉಂಡದ್ದು ಮಲಗಿದ್ದು ನೆನಪಿಲ್ಲದವನಂತೆ ಬರೆದ. ಏಳು ಕಣಿವೆಯ ಜನ ಮಂಜುಗೋಟೆಗೆ ಬಂದು ಸೇರಿದರು. ಹಿಂದೆ ಕಲ್ಲುಮಂದಿ ಬೆನ್ನು ಹತ್ತಿದ್ದರು. ಜನ ಬಡಗಣ ಬಾಗಿಲನ್ನು ದಾಟಿ ಸೇತುವೆ ಹಿಡಿದು ಓಡಬೇಕಿತ್ತು. ಓಡುವಾಗ ತಿರುಗಿ ನೋಡಿದವರು ಕಲ್ಲಾಗುತ್ತಾರೆಂಬ ಶಾಪವಿತ್ತು.

ಬಾಗಿಲನ್ನು ಒಳಗಿನಿಂದ ಒಬ್ಬರು ಹಿಡಿದು ನಿಲ್ಲಬೇಕಿತ್ತು.

ಬಾಚಲೆ ನಿಂತಳು.

ಮುಂದಿನ ಗರಿಯನ್ನು ಕೇತಯ್ಯ ಓದಿದ. ಮೊನೆಯನ್ನು ಕೆಳಗಿಟ್ಟ. ಹೊಳೆಯ ಕಡೆ ನಡೆದುಹೋದ. ಆ ದಿನ ಅವನು ಊಟಕ್ಕೆ ಬರಲಿಲ್ಲ.

ಮರುದಿನ ಅವನು ಗುರುವಿನ ಮುಂದೆ ಬಂದು ಕುಳಿತ. ಕಣ್ಣು ಕೆಂಪಗಾಗಿದ್ದವು.

"ಅವ್ವಾರ, ಆಕಿ ಯಾಕ ಸಾಯಬೇಕಿತ್ತು?"

"ಊಟ ಮಾಡಿದಿ?"

"ಇಲ್ರಿ."

"ಮಾಡ್ಕೊಂಡ ಬಾ."

"ಊಟ ಸೇರೂದಿಲ್ರಿ. ಹನ್ನೆರಡು ಕಟ್ಟು ಬರದಂವಗ ಒಬ್ಬಾಕೀನ್ನ ಉಳಸಾಕ ಬರತಿರ್ಲಿಲ್ಲೇನು?"

"ಬರತಿತ್ತು."

"ಮತ್ತ?"

ನಿಂಬವ್ವ ತನ್ನ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಮುರಿದು ಅರ್ಧವನ್ನು ಅವನ ಕೈಯಲ್ಲಿಟ್ಟಳು.

ಕೇತಯ್ಯ ರೊಟ್ಟಿ ತಿಂದ. ಸಿಟ್ಟು ಮಾತ್ರ ಇಳಿಯಲಿಲ್ಲ. ಹಿಂದಿರುಗಿ ಬರೆಯಲು ಕುಳಿತಾಗ ಅವನಿಗೆ ಒಂದು ವಿಚಾರ ಬಂತು. ಹೊಸ ಪ್ರತಿಯಲ್ಲಿ ಈ ಗರಿ ಇಲ್ಲದೆ ಹೋದರೆ? ಹಳೆಯದು ಹೇಗೂ ಹೊಳೆಪಾಲು. ಬಾಗಿಲಲ್ಲಿ ನಿಂತ ಬಾಚಲೆ ಮುಂದೇನಾದಳೋ ಇನ್ನು ಓದುವವರಾರಿಗೂ ತಿಳಿಯದು. ತಿಳಿಯದವಳು ಬದುಕಿದ್ದರೂ ಇರಬಹುದು. ಹಿಂದಿನಿಂದ ಬರುತ್ತಿರುವ ಬಂಕಣ್ಣನಿಗಾದರೂ ಈ ಸಂಕಟ ತಪ್ಪಲಿ.

ಬೇರೆ ಸಾಲು ಹೊಸೆದು ಬರೆಯೋಣವೆಂದರೆ ಕೈ ಬರಲಿಲ್ಲ. ಆ ಪುಣ್ಯಾತ್ಮನ ಮಾತಿನ ಪಕ್ಕ ತನ್ನ ಮಾತು ಇಡಲು ಅವನಿಗೆ ನಾಚಿಕೆಯಾಯಿತು. ಬಿಟ್ಟುಬಿಡೋಣವೆಂದರೆ ಮನಸ್ಸು ಕೇಳಲಿಲ್ಲ. ಕೊನೆಗೆ ಆ ಗರಿಯನ್ನು ಇದ್ದದ್ದು ಇದ್ದಂತೆಯೇ ಕೊರೆದ. ಅಷ್ಟು ಮುದ್ದಾಗಿ ಅವನೆಂದೂ ಕೊರೆದಿರಲಿಲ್ಲ.

ಮಸಿ ಮಾತ್ರ ಸವರಲಿಲ್ಲ.

ಮೊದಲಿನ ಗರಿಗಳಿಗೆ ಸವರಿದ. ನಂತರದ ಗರಿಗಳಿಗೆ ಸವರಿದ. ಅದೊಂದನ್ನು ಖಾಲಿ ಗರಿಯಂತೆ ನಡುವೆ ಸೇರಿಸಿ ಕಟ್ಟು ಬಿಗಿದ.

ನಿಂಬವ್ವ ಹೊಸ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಿಚ್ಚಿದಳು. ಒಂದೊಂದೇ ಗರಿಯ ಮೇಲೆ ಬೆರಳು ಆಡಿಸುತ್ತ ಹೋದಳು. ಒಂದೆಡೆ ಬೆರಳು ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು. ಮತ್ತೆ ಬೆರಳು ಮುಂದಕ್ಕೆ ಹೋಯಿತು.

"ಛಲೋ ಬರದಿ," ಎಂದಳು. "ಎಲ್ಲಾ ಗರಿಗೂ ಮಸಿ ಹತ್ತೇತೇನು?"

"ಹತ್ತೇತ್ರಿ."

"ಮುಂಜಾನೆ ಹಳೇದನ್ನ ಹೊಳಿಗೆ ಬಿಡು ಹಂಗಾದ್ರ."

ಕೇತಯ್ಯ ಆಕೆಯ ಮುಖ ನೋಡಿದ. ಪೊರೆ ಬಂದ ಕಣ್ಣುಗಳಲ್ಲಿ ಏನೂ ತಿಳಿಯಲಿಲ್ಲ.

ಬೆಳಿಗ್ಗೆ ಅವನು ಹಳೆಯ ಕಟ್ಟನ್ನು ಎದೆಗೆ ಒತ್ತಿಕೊಂಡು ನೀರಿಗೆ ಇಳಿದ. ಹೊಳೆ ತಣ್ಣಗಿತ್ತು. ಸೊಂಟದವರೆಗೆ ನೀರು ಬಂದಾಗ ನಿಂತ. ಕೈ ಬಿಟ್ಟರೆ ಮುಗಿಯಿತು. ಬಾಚಲೆ ಉಳಿದಳು.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಬಂಕಣ್ಣನ ದನಿ ಕೇಳಿತು.

"ಕೇತಾ, ಹನ್ನೊಂದು ಮುಗಿಸೇನೋ. ಈಗಷ್ಟ ಮುಗೀತು."

ಕೇತಯ್ಯ ತಿರುಗಲಿಲ್ಲ.

"ನೀ ಏನೂ ಹೇಳಬ್ಯಾಡ. ಕಟ್ಟಳೆ ನನಗೂ ಗೊತ್ತೈತಿ. ನಾ ಒಂದ ಮಾತು ಹೇಳತೇನಿ, ನೀ ಹೂಂ ಅನಬ್ಯಾಡ, ಉಹೂಂ ಅನಬ್ಯಾಡ. ಹೇಳಲಿ?"

"ಹೇಳು."

"ಬಾಚಲೆ ಏನೋ ದೊಡ್ಡ ಕೆಲಸಾ ಮಾಡಾಕಿ ಅದಾಳ. ಇಷ್ಟು ದಿನ ಎಲ್ಲಾರೂ ಆಕೀನ್ನ ಬಾಗಿಲಾ ತಗಿಯಾಕಿ ಅಂದ್ರು. ಕಡಿಗೆ ಎಲ್ಲಾರ ಜೀವಾನೂ ಆಕಿ ಕೈಯಾಗ ಬರತೈತಿ. ನನಗ ಖಾತ್ರಿ ಐತಿ. ಅದನ್ನ ಓದಾಕ ನಾ ಹೆಂಗ ಕಾಯಾಕತ್ತೇನಿ ಅಂದ್ರ, ನಿನ್ನೆ ಅನ್ನಕ್ಕ ಉಪ್ಪ ಹಾಕೂದ ಮರತೇನಿ."

"ಗೊತ್ತಾತು. ಉಂಡವ ನಾನ."

ಬಂಕಣ್ಣ ನಗುತ್ತ ಹೋದ. ಕೇತಯ್ಯ ನೀರಿನಲ್ಲಿ ನಿಂತೇ ಇದ್ದ. ಬಂಕಣ್ಣ ಹನ್ನೊಂದು ಕಟ್ಟು ನಡೆದು ಬಂದು ಆ ಬಾಗಿಲನ್ನು ಮುಟ್ಟುತ್ತಾನೆ. ಅಲ್ಲಿ ಅವನ ಕೈಗೆ ಸಿಗುವುದು ಒಂದು ಖಾಲಿ ಗರಿ.

ಅವನು ಹಳೆಯ ಕಟ್ಟನ್ನು ತಲೆಯ ಮೇಲಿಟ್ಟುಕೊಂಡು ದಡ ಹತ್ತಿದ.

ನಿಂಬವ್ವ ಹುಣಸೆಯ ಕೆಳಗೆ ಕುಳಿತಿದ್ದಳು. ಹೊಸ ಕಟ್ಟು ಬಿಚ್ಚಿಕೊಂಡೇ ಇತ್ತು. ಒಂದು ಗರಿ ಆಕೆಯ ತೊಡೆಯ ಮೇಲಿತ್ತು. ಪಕ್ಕದಲ್ಲಿ ಒಂದು ಮುಚ್ಚಿದ ಬಟ್ಟಲಿತ್ತು.

"ಬಿಟ್ಟ ಬಂದಿಯೇನು?"

"ಇಲ್ರಿ ಅವ್ವಾರ." ಅವನು ಕಟ್ಟನ್ನು ಆಕೆಯ ಮುಂದಿಟ್ಟ. "ಸುಳ್ಳು ಹೇಳೇನ್ರಿ. ಒಂದ ಗರಿಗೆ ಮಸಿ ಹಚ್ಚಿಲ್ಲ."

"ಕುಂದರು."

ನಿಂಬವ್ವ ತೊಡೆಯ ಮೇಲಿದ್ದ ಗರಿಯ ಎಡ ತುದಿಗೆ ಬೆರಳು ಇಟ್ಟಳು. ಕಣ್ಣು ಮುಚ್ಚಿದಳು. ಬೆರಳು ಮೆಲ್ಲಗೆ ಸರಿಯತೊಡಗಿತು. ಆಕೆ ಓದತೊಡಗಿದಳು.

"ಕೊನೆಯ ಮಗು ದಾಟಿತು. ಬಾಚಲೆ ಬಾಗಿಲಿಗೆ ಬೆನ್ನು ಕೊಟ್ಟಳು. ಆಚೆ ಸೇತುವೆಯ ಮೇಲೆ ಸಾವಿರ ಕಾಲುಗಳ ಸದ್ದು ದೂರವಾಗುತ್ತಿತ್ತು. ಈಚೆ ಕಲ್ಲಿನ ಹೆಜ್ಜೆಗಳು ಹತ್ತಿರವಾಗುತ್ತಿದ್ದವು. ಸೆರಗು ಬಿಚ್ಚಿ ನೋಡಿದಳು. ಬೆಲ್ಲ ಒಂದೇ ಚೂರು ಉಳಿದಿತ್ತು. ರೂಢಿಯಂತೆ ಅರ್ಧ ಮುರಿದಳು. ಕೊಡಲು ಅಲ್ಲಿ ಯಾರೂ ಇರಲಿಲ್ಲ. ಆ ಅರ್ಧವನ್ನು ಹೊಸ್ತಿಲ ಮೇಲಿಟ್ಟು, ಉಳಿದ ಅರ್ಧವನ್ನು ಬಾಯಿಗೆ ಹಾಕಿಕೊಂಡು, ಹಾಡತೊಡಗಿದಳು."

ಬೆರಳು ಗರಿಯ ತುದಿ ಮುಟ್ಟಿ ನಿಂತಿತು. ನಿಂಬವ್ವನ ಕೆನ್ನೆ ಒದ್ದೆಯಾಗಿತ್ತು. ಆಕೆ ಅದನ್ನು ಒರೆಸಿಕೊಳ್ಳಲೂ ಇಲ್ಲ.

ಕೇತಯ್ಯ ಬೆರಗಿನಿಂದ ನೋಡಿದ. "ನೀವು ಇದನ್ನ ಎಷ್ಟು ಸಲ ಓದೀರಿ ಅವ್ವಾರ?"

"ಲೆಕ್ಕಾ ಇಟ್ಟಿಲ್ಲ. ನಿನಕಿಂತ ಸಣ್ಣಾಕಿ ಇದ್ದಾಗಿಂದ ಓದಾಕತ್ತೇನಿ."

"ಇನ್ನೂ ಅಳು ಬರತೈತೇನು?"

"ಹಾಡಾಕತ್ತಳು ಅನ್ನೂದಕ್ಕ ಬರತೈತಿ." ಆಕೆ ಮೂಗು ಸೆಳೆದು ನಕ್ಕಳು. "ಆ ದನಿ ಇಟ್ಟಕೊಂಡು. ಎಂಥಾದ ಬರದಾನ ನೋಡು, ಪುಣ್ಯಾತ್ಮ."

ಕೇತಯ್ಯನಿಗೂ ನಗು ಬಂತು, ಅದರ ಹಿಂದೆಯೇ ಅಳು ಬಂತು. ಅವನು ತಡೆಯಲಿಲ್ಲ. ಬಾಚಲೆಯನ್ನು ಈಕೆಯೂ ತನ್ನಷ್ಟೇ ಪ್ರೀತಿಸಿದ್ದಾಳೆಂದು ಅವನಿಗೆ ತಿಳಿಯಿತು. ತನಗಿಂತ ಹೆಚ್ಚೇ ಇರಬೇಕು.

"ಸತ್ತದ್ದಕ್ಕ ನಾ ಅಷ್ಟ ಮರಗಲಿಲ್ರಿ," ಎಂದ. "ದೊಡ್ಡ ಕೆಲಸಾ ಮಾಡಿ ಸತ್ತಳು, ಅದು ತಿಳೀತೈತಿ. ಆದ್ರ ಯಾರೂ ತಿರುಗಿ ನೋಡಲಿಲ್ಲ. ಬೆಲ್ಲಾ ಮುರದ್ರ ತಗೊಳ್ಳಾಕ ಒಂದ ಕೈ ಇರಲಿಲ್ಲ. ಹಂಗ ಒಬ್ಬಾಕೀನ ಬಿಟ್ಟಾರಲ್ಲ, ಅದನ್ನ ನನ್ನ ಕೈಯಾಗ ತಡಕೊಳ್ಳಾಕ ಆಗಲಿಲ್ಲ. ಅದಕ್ಕ ಮಸಿ ಹಚ್ಚಲಿಲ್ಲ."

ನಿಂಬವ್ವ ಬಟ್ಟಲಿನ ಮುಚ್ಚಳ ತೆಗೆದಳು. ಒಳಗೆ ಎಣ್ಣೆಯಲ್ಲಿ ಕಲಸಿದ ಮಸಿ ಇತ್ತು. ಆಗಷ್ಟೇ ಕಲಸಿದ್ದು. ಬಟ್ಟಲನ್ನು ಅವನ ಕಡೆ ಸರಿಸಿ, ಗರಿಯನ್ನು ಅವನ ಒದ್ದೆ ಕೈಯಲ್ಲಿಟ್ಟಳು.

"ಓಡಿಹೋದವರು ತಿರುಗಿ ನೋಡೂ ಹಂಗಿರಲಿಲ್ಲ, ಕೇತಾ. ಆ ಬಾಗಿಲದಾಗ ಆಕಿ ಜೋಡಿ ಇದ್ದವರು ಓದೋ ನಾವಷ್ಟ. ನೀ ನಮ್ಮನ್ನೂ ಎಬ್ಬಿಸಿ ಕಳಿಸಿದ್ರ ಆಕಿ ಹತ್ರ ಯಾರಿರತಾರ?"